ಪೆಲ್ಲಿಂಗ್‌ಗೆ ಒಂದೇ ರಾತ್ರಿ ಸಾಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನವೆಂಬರ್‌ನಲ್ಲಿ ಅಪ್ಪ ಅಮ್ಮನ್ನ ಸಿಕ್ಕಿಂಗೆ ಕರ್ಕೊಂಡು ಹೋಗ್ಬೇಕು ಅಂತಿದೀವಿ. ಟ್ರಾವೆಲ್ಸ್‌ನವ್ರು ಆರು ದಿನದ ಪ್ಯಾಕೇಜ್ ಕೊಟ್ಟಿದಾರೆ, ಡಾರ್ಜಿಲಿಂಗ್, ಗ್ಯಾಂಗ್‌ಟಕ್, ಲಾಚುಂಗ್, ಪೆಲ್ಲಿಂಗ್ ಎಲ್ಲಾ ಬರತ್ತೆ, ಪಶ್ಚಿಮ ಸಿಕ್ಕಿಂನ ಪೆಲ್ಲಿಂಗ್‌ಗೆ ಒಂದೇ ರಾತ್ರಿ. ಅಲ್ಲಿಂದ ಕಾಂಚನಜುಂಗಾ ಶಿಖರ ಕಾಣತ್ತಾ ಸರ್? (ಶಿವಮೊಗ್ಗದಿಂದ)

ಉತ್ತರ: ಕಂಡ್ರೆ ನಿಮ್ಮ ಪುಣ್ಯ. 8586 ಮೀಟರ್ ಎತ್ತರ, ಪ್ರಪಂಚದಲ್ಲೇ ಮೂರನೇದು, ಆದ್ರೂ ಮೋಡ ಬಂತು ಅಂದ್ರೆ ಅಲ್ಲೊಂದು ಬೆಟ್ಟ ಇತ್ತು ಅನ್ನೋದೇ ಗೊತ್ತಾಗಲ್ಲ. ಸಾಮಾನ್ಯವಾಗಿ ಬೆಳಗಿನ ಜಾವ ಆಕಾಶ ಕ್ಲಿಯರ್ ಇರತ್ತೆ, ಬಿಸಿಲು ಏರಿದ ಹಾಗೆ ಕಣಿವೆಯ ತೇವ ಎಲ್ಲಾ ಮೇಲೆದ್ದು ಮೋಡ ಆಗಿ ಒಂಬತ್ತು ಹತ್ತು ಗಂಟೆಗೆಲ್ಲ ಶಿಖರ ಮುಚ್ಚಿಬಿಡತ್ತೆ, ಮಧ್ಯಾಹ್ನ ಎಷ್ಟು ಹೊತ್ತು ಕಾದ್ರೂ ಬಿಳಿ ಪರದೆ ಅಷ್ಟೆ. ನಿಮ್ಮ ಪ್ಯಾಕೇಜಲ್ಲಿ ಸಂಜೆ ತಲುಪಿ ಮಾರನೇ ದಿನ ತಿಂಡಿ ತಿಂದು ಹೊರಡೋದು, ಅಂದ್ರೆ ಸಿಗೋದು ಒಂದೇ ಒಂದು ಬೆಳಗ್ಗೆ. ಅವತ್ತು ಮೋಡ ಇದ್ರೆ ಮುಗೀತು.

ಅದಕ್ಕೇ ಹೇಳೋದು, ಈ ಸಲ ಲಾಚುಂಗ್, ಗ್ಯಾಂಗ್‌ಟಕ್ ಎರಡೂ ಬಿಡಿ. ಬೇಜಾರಾಗ್ಬೇಡಿ, ಆ ರೋಡಲ್ಲಿ ವಯಸ್ಸಾದವ್ರನ್ನ ದಿನಗಟ್ಟಲೆ ಜೀಪಲ್ಲಿ ಕೂರಿಸಿ ಕುಲುಕಾಡಿಸೋದಕ್ಕಿಂತ ಒಂದು ಕಡೆ ಕೂತ್ಕೊಳ್ಳೋದು ವಾಸಿ. ಬಾಗ್ಡೋಗ್ರಾಗೆ ಫ್ಲೈಟ್, ಎರಡು ರಾತ್ರಿ ಡಾರ್ಜಿಲಿಂಗ್, ಅಲ್ಲಿಂದ ಜೋರ್‌ಥಾಂಗ್ ಅನ್ನೋ ಊರಿನ ಮೇಲೆ ಹಾದು ಪೆಲ್ಲಿಂಗ್, ಅಲ್ಲಿ ಮೂರು ರಾತ್ರಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ಭಾಗದವರೆಗೆ ಆಕಾಶ ತಿಳಿಯಾಗಿರೋ ಕಾಲ, ನಿಮ್ಮ ಟೈಮಿಂಗ್ ಸರಿಯಾಗೇ ಇದೆ.

ರೂಮ್ ಬುಕ್ ಮಾಡೋವಾಗ ಮೇಲಿನ ಪೆಲ್ಲಿಂಗ್ (ಅಪ್ಪರ್ ಪೆಲ್ಲಿಂಗ್) ಕೇಳಿ, ಮತ್ತೆ ಬೆಟ್ಟ ಕಾಣೋದು ರೂಮಿನ ಕಿಟಕಿಯಿಂದನಾ ಇಲ್ಲಾ ಹೋಟೆಲ್ ಟೆರೇಸಿಂದನಾ ಅಂತ ಬಾಯ್ಬಿಟ್ಟು ಕೇಳಿ, ಫೋಟೋ ಹಾಕಿರೋದು ಟೆರೇಸ್‌ದು, ಕೊಡೋದು ಹಿಂದಿನ ರೂಮು, ಇದು ಮಾಮೂಲು. ಬೆಳಗ್ಗೆ ಐದಕ್ಕೇ ಎದ್ದು ಶಾಲು ಹೊದ್ಕೊಂಡು ನಿಂತ್ಕೊಳ್ಳಿ. ಊರೆಲ್ಲಾ ಇನ್ನೂ ಕತ್ತಲಲ್ಲಿರತ್ತೆ, ಮೊದಲು ತುದಿಗೆ ಮಾತ್ರ ಒಂಚೂರು ಕೆಂಪು ತಾಗತ್ತೆ, ಆಮೇಲೆ ಅದು ಕೆಳಗಿಳೀತಾ ಪಕ್ಕದ ಕಬ್ರು, ಪಂಡಿಮ್ ಶಿಖರಗಳಿಗೂ ಹರಡಿ ಕಿತ್ತಳೆ, ಹಳದಿ ಆಗಿ ಕೊನೆಗೆ ಬರೀ ಬಿಳಿ. ಮೊಬೈಲಲ್ಲಿ ಇದು ಬರಲ್ಲ, ಸುಮ್ನೆ ನೋಡಿ.

ಪ್ರಶ್ನೆ: ಬೈಲಕುಪ್ಪೆ ಗೋಲ್ಡನ್ ಟೆಂಪಲ್ ಎಷ್ಟೋ ಸಲ ನೋಡಿದೀವಿ. ಸಿಕ್ಕಿಂ ಮೊನಾಸ್ಟ್ರಿಗಳಲ್ಲಿ ಅದಕ್ಕಿಂತ ಬೇರೆ ಏನಿರತ್ತೆ? (ಮೈಸೂರಿಂದ)

ಉತ್ತರ: ಒಳ್ಳೇ ಪ್ರಶ್ನೆ. ಬೈಲಕುಪ್ಪೆಯ ನಾಮ್‌ಡ್ರೋಲಿಂಗೂ, ಪೆಲ್ಲಿಂಗ್ ಪಕ್ಕದ ಪೆಮಯಾಂಗ್ಚೆ ಮಠಾನೂ ಒಂದೇ ನಿಂಗ್ಮಾ ಪರಂಪರೆಯವು, ಅಂದ್ರೆ ಟಿಬೆಟಿನ ಬೌದ್ಧರ ಹಳೇ ಪಂಥ, ಹಾಗಾಗಿ ಒಳಗೆ ಹೋದ ತಕ್ಷಣ ಆ ಪಂಥದ ಮೂಲ ಗುರು ಪದ್ಮಸಂಭವರ ಗುರುತು ಸಿಗತ್ತೆ ನಿಮಗೆ. ಆದ್ರೆ ನಮ್ಮಲ್ಲಿರೋದು ಟಿಬೆಟಿಂದ ಬಂದವ್ರು ಕಳೆದ ಶತಮಾನದಲ್ಲಿ ಕಟ್ಕೊಂಡಿದ್ದು. ಪೆಮಯಾಂಗ್ಚೆ ಕಥೆ ಸಿಕ್ಕಿಂ ರಾಜರ ಕಥೆ ಜೊತೆಗೇ ಹೆಣೆದಿದೆ. 1642ರಲ್ಲಿ ಯುಕ್ಸಮ್‌ನಲ್ಲಿ ಮೊದಲ ರಾಜನಿಗೆ ಪಟ್ಟ ಕಟ್ಟಿದ ಮೂವರು ಲಾಮಾಗಳಲ್ಲಿ ಒಬ್ಬರಾದ ಲ್ಹಾತ್ಸುನ್ ಚೆಂಪೋ ಹೆಸರು ಈ ಮಠಕ್ಕೂ ಸೇರ್ಕೊಂಡಿದೆ. ಹೊಳಪು, ಗಾತ್ರ ಹುಡ್ಕೊಂಡು ಹೋದ್ರೆ ಬೈಲಕುಪ್ಪೆನೇ ಚೆಂದ ಅನ್ಸತ್ತೆ, ಸುಳ್ಳು ಹೇಳಲ್ಲ. ಇಲ್ಲಿ ನೋಡ್ಬೇಕಾಗಿರೋದು ಮೇಲಿನ ಮಹಡೀಲಿ ಗಾಜಿನ ಒಳಗಿರೋ ಮರದ ಕೆತ್ತನೆ, ಏಳು ಅಂತಸ್ತಿನ ಪದ್ಮಸಂಭವರ ಲೋಕ. ಮೆಟ್ಟಿಲು, ಕಾಮನಬಿಲ್ಲು, ಬೆರಳುದ್ದದ ದೇವತೆಗಳು, ಎಲ್ಲಾ ಬಣ್ಣ ಹಚ್ಚಿದ ಮರ, ಒಬ್ಬ ಲಾಮಾ ಐದು ವರ್ಷ ಕೂತು ಮಾಡಿದ್ದಂತೆ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಗೈಡ್ ಅವಸರ ಮಾಡಿದ್ರೂ ಬಗ್ಗಬೇಡಿ, ಒಂದೊಂದು ಅಂತಸ್ತೂ ನೋಡಿ.

ಅಲ್ಲಿಂದ ಹತ್ತಿರದಲ್ಲೇ ಕಾಡಿನ ದಾರೀಲಿ ನಡೆದ್ರೆ ರಬ್ದೆನ್ತ್ಸೆ, 1670ರಿಂದ 1814ರವರೆಗೆ ಸಿಕ್ಕಿಂ ರಾಜಧಾನಿ ಆಗಿತ್ತು, ಗೂರ್ಖಾ ದಾಳಿಗಳಲ್ಲಿ ಹಾಳಾಯ್ತು, ಈಗ ಕಲ್ಲಿನ ಅಡಿಪಾಯಗಳು, ಮೂರು ಚೋರ್ತೆನ್ (ಬೌದ್ಧ ಸ್ತೂಪ), ಎದುರಿಗೆ ಬೆಟ್ಟ. ಜನ ಕಮ್ಮಿ, ನಂಗೆ ಇದೇ ಜಾಸ್ತಿ ಇಷ್ಟ. ಸಂಗಾಚೋಲಿಂಗ್ ಹಳೇ ಮಠ, ಅದರ ಹತ್ತಿರಾನೇ 137 ಅಡಿ ಚೆನ್‌ರೆಜಿಗ್ (ಅವಲೋಕಿತೇಶ್ವರ) ವಿಗ್ರಹ, ಗಾಜಿನ ಸ್ಕೈವಾಕ್ ಇದೆ, ಮಕ್ಕಳಿಗೆ ಖುಷಿ, ದೊಡ್ಡವ್ರಿಗೆ ಕ್ಯೂ. ಮಠದ ಒಳಗೆ ಎಡದಿಂದ ಪ್ರದಕ್ಷಿಣೆ, ಚಪ್ಪಲಿ ಹೊರಗೆ, ಲಾಮಾಗಳು ಕೂರೋ ದಿಂಬಿನ ಮೇಲೆ ಕೂರಬೇಡಿ.

ಪ್ರಶ್ನೆ: ಪರ್ಮಿಟ್ ಬೇಕಾ? ಅಮ್ಮಂಗೆ ಮಂಡಿ ನೋವು, ನಾವು ಪ್ಯೂರ್ ವೆಜ್ ಬೇರೆ. ಹಿಮ ಸಿಗತ್ತಾ? (ಹುಬ್ಬಳ್ಳಿಯಿಂದ)

ಉತ್ತರ: ಪೆಲ್ಲಿಂಗ್‌ಗೆ ಭಾರತೀಯರಿಗೆ ಪರ್ಮಿಟ್ ಬೇಡ, ಐಡಿ ಕಾರ್ಡ್ ಸಾಕು. ನಿಮ್ಮ ಜೊತೆ ವಿದೇಶಿ ಪಾಸ್‌ಪೋರ್ಟ್ ಇರೋ ಅಳಿಯ ಮಗಳು ಬರೋದಾದ್ರೆ ಅವ್ರಿಗೆ ಸಿಕ್ಕಿಂ ಒಳಗೆ ಬರೋಕೇ ಪರ್ಮಿಟ್ ಬೇಕು. ಹಿಮದ ಆಸೆ ಬಿಡಿ, ಪೆಲ್ಲಿಂಗ್ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ ಅಷ್ಟೆ, ಅಲ್ಲಿ ಹಿಮ ಬೀಳೋದು ಅಪರೂಪ, ಚಳಿ ಮಾತ್ರ ಜೋರು. ಅಮ್ಮಂಗೆ ಪೆಮಯಾಂಗ್ಚೆ ಬಾಗಿಲ ಹತ್ತಿರದವರೆಗೂ ಗಾಡಿ ಹೋಗತ್ತೆ, ಒಳಗೆ ಮೇಲಿನ ಮಹಡಿಗೆ ಮಾತ್ರ ಮರದ ಮೆಟ್ಟಿಲು ಕಡಿದಾಗಿದೆ, ರಬ್ದೆನ್ತ್ಸೆ ಬೇಡ. ಊಟಕ್ಕೆ ಅನ್ನ ದಾಲ್ ಪಲ್ಯ ಎಲ್ಲಾ ಕಡೆ ಸಿಗತ್ತೆ, ವೆಜ್ ಮೊಮೊನೂ ಇದೆ. ಥುಕ್ಪಾ, ಅಂದ್ರೆ ನೂಡಲ್ಸ್ ಸೂಪ್, ತಗೋಳೋವಾಗ ಮಾತ್ರ ಸಾರು ಯಾವುದ್ರಲ್ಲಿ ಮಾಡಿದ್ದು ಅಂತ ಕೇಳಿ, ತರಕಾರಿ ಹಾಕಿದ್ರೂ ನೀರು ಮೂಳೇದೇ ಇರಬಹುದು. ಮತ್ತೆ ಸಿಕ್ಕಿಂನಲ್ಲಿ 2022ರಿಂದ ಪ್ಲಾಸ್ಟಿಕ್ ಬಾಟಲ್ ನೀರು ನಿಷೇಧ, ಮನೆಯಿಂದಾನೇ ಸ್ಟೀಲ್ ಬಾಟಲ್ ತಗೊಂಡ್ ಹೋಗಿ, ಹೋಟೆಲಲ್ಲಿ ಬಿಸಿ ನೀರು ಕೇಳಿ ತುಂಬಿಸ್ಕೊಳ್ಳಿ.