ಹುಲ್ಲಲ್ಲದವರನ್ನು ಹುಲ್ಲು ಮಾಡುವ ಪದ

ಮಾನ್ಯರೇ,

ಕಳೆದ ಸಂಚಿಕೆಯ ಲೇಖನದಲ್ಲಿದ್ದ ‘ಕಿರಿಯರನ್ನು ತೃಣೀಕರಿಸುವ ಪಂಡಿತರು’ ಎಂಬ ಮಾತನ್ನು ಹಿಡಿದು ಕೇಳಿದ್ದೀರಿ: ಈ ಪದದ ಹುಟ್ಟು ಯಾವುದು, ‘ನಿರ್ಲಕ್ಷಿಸುವ’ ಎಂದಿದ್ದರೆ ಸಾಲುತ್ತಿರಲಿಲ್ಲವೇ?

ತೃಣವೆಂದರೆ ಹುಲ್ಲು. ಅದು ನಿಮಗೂ ಗೊತ್ತಿದೆ. ಸ್ವಾರಸ್ಯವಿರುವುದು ನಡುವಿನ ಈಕಾರದಲ್ಲಿ. ಸಂಸ್ಕೃತ ವೈಯಾಕರಣರು ಇದನ್ನು ‘ಚ್ವಿ’ ಪ್ರತ್ಯಯದ ಕೆಲಸವೆನ್ನುತ್ತಾರೆ. ಮೊದಲು ಹಾಗಿಲ್ಲದ್ದನ್ನು ಹಾಗೆ ಮಾಡುವುದು ಅದರ ಅರ್ಥ. ಜಟಿಲವಾದ ನಿಯಮವನ್ನು ಸರಳ ಮಾಡಿದರೆ ಸರಳೀಕರಣ. ಹುಲ್ಲಲ್ಲದವರನ್ನು ಹುಲ್ಲು ಮಾಡಿದರೆ ತೃಣೀಕರಣ. ಎದುರಿಗಿರುವವರು ಹುಲ್ಲಲ್ಲವೆಂದು ಪದವೇ ಒಪ್ಪಿಕೊಂಡುಬಿಟ್ಟಿದೆ! ತೆಗಳಿಕೆಯ ಮಾತುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಅಪರೂಪ.

ಹುಲ್ಲಿಗೆ ಹೋಲಿಸಿ ಹಳಿಯುವ ಚಾಳಿ ಬಹಳ ಹಳೆಯದು. ಪಾಣಿನಿ ಅದಕ್ಕೊಂದು ಸೂತ್ರವನ್ನೇ ಬರೆದಿದ್ದಾನೆ (ಅಷ್ಟಾಧ್ಯಾಯಿ 2.3.17). ಅನಾದರ ತೋರುವಾಗ, ಹೋಲಿಸಿದ ವಸ್ತು ಪ್ರಾಣಿಯಲ್ಲದಿದ್ದರೆ, ದ್ವಿತೀಯಾ ವಿಭಕ್ತಿಯ (ನಮ್ಮ ‘ಅನ್ನು’) ಬದಲು ಚತುರ್ಥಿ (ನಮ್ಮ ‘ಗೆ’) ಹಾಕಬಹುದಂತೆ. ವ್ಯಾಖ್ಯಾನಗಳು ಕೊಡುವ ಉದಾಹರಣೆ ‘ನ ತ್ವಾ ತೃಣಾಯ ಮನ್ಯೇ’, ಅಂದರೆ ನಿನ್ನನ್ನು ಹುಲ್ಲೆಂದೂ ಎಣಿಸುವುದಿಲ್ಲ. ಬೈಯುವವನಿಗೂ ವಿಭಕ್ತಿಯ ಸೌಲಭ್ಯ ಒದಗಿಸಿದ ಭಾಷೆ ಅದು.

ಸುಂದರಕಾಂಡದಲ್ಲಿ ಸೀತೆಯೂ ಹುಲ್ಲನ್ನೇ ಆರಿಸಿಕೊಂಡಳು. ಅಶೋಕವನದಲ್ಲಿ ರಾವಣನಿಗೆ ಉತ್ತರಿಸುವ ಮುನ್ನ ನಡುವೆ ಒಂದು ಹುಲ್ಲುಕಡ್ಡಿ ಇಡುತ್ತಾಳೆ. ಏಕೆಂದು ವಾಲ್ಮೀಕಿ ಬಿಡಿಸಿ ಹೇಳುವುದಿಲ್ಲ. ಪರಪುರುಷನೊಡನೆ ಮಾತನಾಡಲು ಅದೊಂದು ಮರೆ ಎಂದವರಿದ್ದಾರೆ. ‘ನೀನು ನನಗೆ ಇದಕ್ಕೆ ಸಮ’ ಎಂದು ಸೂಚಿಸಿದಳು ಎಂದವರೂ ಇದ್ದಾರೆ. ನನ್ನ ಒಲವು ಎರಡನೆಯದರ ಕಡೆಗೆ. ಸೆರೆಯಲ್ಲಿರುವವಳು ಲಂಕೆಯ ದೊರೆಯನ್ನು ತೃಣೀಕರಿಸುವುದಕ್ಕೂ ಪೀಠದಲ್ಲಿ ಕುಳಿತವರು ಕಿರಿಯರನ್ನು ತೃಣೀಕರಿಸುವುದಕ್ಕೂ ಅಜಗಜಾಂತರವಿದೆ, ಆ ಮಾತು ಬೇರೆ.

ಕನ್ನಡವೇನೂ ಹಿಂದೆ ಬಿದ್ದಿಲ್ಲ. ‘ಹುಲುಮಾನವ’ ಎನ್ನುತ್ತೇವಲ್ಲ, ಆ ಹುಲುವಿನಲ್ಲಿ ನನಗೆ ನಮ್ಮ ಹುಲ್ಲೇ ಕೇಳಿಸುತ್ತದೆ.

ಇನ್ನು ‘ನಿರ್ಲಕ್ಷಿಸುವ’ ಸಾಲದು. ನಿರ್ಲಕ್ಷಿಸುವವನು ಕಣ್ಣೆತ್ತಿಯೂ ನೋಡುವುದಿಲ್ಲ. ಹೀಯಾಳಿಸುವವನು ಬಾಯಿಬಿಟ್ಟು ಆಡುತ್ತಾನೆ. ತೃಣೀಕರಿಸುವವನು ಚೆನ್ನಾಗಿ ನೋಡಿ, ತೂಕ ಗೊತ್ತಿದ್ದೂ ಲೆಕ್ಕಕ್ಕಿಲ್ಲವೆನ್ನುತ್ತಾನೆ. ಆ ಲೇಖನದ ಪಂಡಿತರು ಕಿರಿಯರ ಪ್ರಬಂಧಗಳನ್ನು ಪೂರ್ತಿ ಓದಿಯೇ ಪಕ್ಕಕ್ಕೆ ತಳ್ಳಿದವರು. ಹಾಗಾಗಿ ಪದವನ್ನು ಬದಲಿಸುವುದಿಲ್ಲ. ಆದರೆ ‘ಮಳೆಯನ್ನು ತೃಣೀಕರಿಸಿ ಮತದಾನ’ ಎಂಬಂಥ ತಲೆಬರಹ ನನ್ನ ಮೇಜಿಗೆ ಬಂದರೆ ‘ಲೆಕ್ಕಿಸದೆ’ ಎಂದು ತಿದ್ದುತ್ತೇನೆ.

ಅಂದಹಾಗೆ, ನಿಮ್ಮ ಪತ್ರದಲ್ಲಿ ಮೂರು ಕಡೆ ‘ತ್ರುಣಿಕರಿಸು’ ಎಂದಿದೆ. ತಕಾರಕ್ಕೆ ವಟ್ರಸುಳಿ, ಣಕಾರಕ್ಕೆ ದೀರ್ಘ.

— ಸಂಪಾದಕ