ಹನ್ನೆರಡು ಸೈಟು, 2 ಜಿಬಿ ರ‍್ಯಾಮ್: ಸಿಪ್ಯಾನೆಲ್ ಬಿಟ್ಟರೆ ಯಾವುದು?

ಇರುವುದು 2 ಜಿಬಿ ರ‍್ಯಾಮ್‌ನ ಒಂದು ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರು), ಅದರಲ್ಲಿ ಗ್ರಾಹಕರ ಹನ್ನೆರಡು ವರ್ಡ್‌ಪ್ರೆಸ್ ಸೈಟು, ಜೊತೆಗೆ ಅವರ ಇಮೇಲ್. ಸರ್ವರನ್ನು ಬ್ರೌಸರಿನಿಂದಲೇ ನಡೆಸಲು ಬಿಡುವ ಪ್ಯಾನೆಲ್ ಸಿಪ್ಯಾನೆಲ್, ಅದರ ಬಾಡಿಗೆ ಕೈಗೆಟುಕುತ್ತಿಲ್ಲ, ಪುಕ್ಕಟೆ ಪ್ಯಾನೆಲ್‌ಗಳಲ್ಲಿ ಯಾವುದು ಹಾಕಲಿ ಅಂತ ಕೇಳಿದ್ದೀರಿ. ಹೆಸ್ಟಿಯಾ ಹಾಕಿ. ಆದರೆ ಇಮೇಲನ್ನು ಆ ಸರ್ವರಿನಿಂದ ಹೊರಗಿಡಿ.

ಸಿಪ್ಯಾನೆಲ್ ಒಳ್ಳೆಯದೇ. 2019ರಲ್ಲಿ ಸರ್ವರಿಗಿಷ್ಟು ಅನ್ನುವ ದರ ಬಿಟ್ಟು ಖಾತೆಗಳ ಲೆಕ್ಕಕ್ಕೆ ಬಂದ ಮೇಲೆ ಸಣ್ಣ ಕೆಲಸದವರಿಗೆ ಅದು ಹೊರೆಯಾಯಿತು. ಐದು ಖಾತೆ ದಾಟಿದರೆ ಮುಂದಿನ ಪ್ಲಾನು ಮೂವತ್ತು ಖಾತೆಗಳದ್ದು.

ಹೆಸ್ಟಿಯಾ ಹುಟ್ಟಿದ್ದು ವೆಸ್ಟಾ ಎಂಬ ಹಳೆಯ ಪ್ಯಾನೆಲ್ಲಿನಿಂದ. ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಮೇಲೆ ಮಾತ್ರ ಕೂರುತ್ತದೆ. ಸೈಟಿಗೊಂದು ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಆವೃತ್ತಿ ಕೊಡಬಹುದು, ಎಚ್‌ಟಿಟಿಪಿಎಸ್‌ಗೆ ಬೇಕಾದ ಪುಕ್ಕಟೆ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟು ತಾನೇ ನವೀಕರಣವಾಗುತ್ತದೆ. ಇನ್‌ಸ್ಟಾಲ್ ಮಾಡುವಾಗ ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಬೇಡ ಅನ್ನಿ, ಅದೊಂದೇ ಸುಮಾರು 1 ಜಿಬಿ ನುಂಗುತ್ತದೆ.

ಇಮೇಲ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಒಬ್ಬ ಗ್ರಾಹಕರ ಸೈಟಿನಲ್ಲಿ ಅಪ್‌ಡೇಟ್ ಆಗದ ಒಂದು ಪ್ಲಗಿನ್ ಇತ್ತು. ಅದರ ಮೂಲಕ ಯಾರೋ ನುಗ್ಗಿ ರಾತ್ರಿಯಿಡೀ ಸ್ಪ್ಯಾಮ್ ಕಳಿಸಿದರು. ಬೆಳಗಾಗುವಷ್ಟರಲ್ಲಿ ಸರ್ವರಿನ ಐಪಿ (ಇಂಟರ್‌ನೆಟ್ ವಿಳಾಸ) ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗೆ ಸೇರಿತ್ತು. ಐಪಿ ಒಂದೇ ಆದ್ದರಿಂದ ಏನೂ ತಪ್ಪು ಮಾಡದ ಉಳಿದವರ ಮೇಲ್‌ಗಳೂ ವಾಪಸ್ ಬರತೊಡಗಿದವು. ಒಬ್ಬರ ಕೊಟೇಶನ್ ಹೋಗಬೇಕಾದ ದಿನ ಅದು. ಅವರಿಗೆ ಉತ್ತರ ಹೇಳುವುದು ಬಹಳ ಕಷ್ಟವಾಯಿತು. ಮೇಲ್ ಅಸಲಿ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ರಿವರ್ಸ್ ಡಿಎನ್‌ಎಸ್ ಎಲ್ಲ ಸರಿಯಿದ್ದರೂ ಇಂಥದ್ದು ತಪ್ಪುವುದಿಲ್ಲ. ಒಂದು ಮೇಲ್ ಪೆಟ್ಟಿಗೆಗೆ ತಿಂಗಳಿಗಿಷ್ಟು ಅಂತ ಕೊಟ್ಟು ಬೇರೆ ಮೇಲ್ ಸೇವೆ ತೆಗೆದುಕೊಳ್ಳಿ, ಆ ಖರ್ಚನ್ನು ಗ್ರಾಹಕರಿಗೇ ಬಿಲ್ಲಿನಲ್ಲಿ ತೋರಿಸಿ.

ಇಮೇಲ್ ಹೊರಗೆ ಹೋದ ಮೇಲೆ ಕ್ಲೌಡ್‌ಪ್ಯಾನೆಲ್ ಕೂಡ ನೋಡಬಹುದು. ಅದರಲ್ಲಿ ಮೇಲ್ ಸರ್ವರೇ ಇಲ್ಲ, ವೆಬ್ ಸರ್ವರಾಗಿ ಎನ್‌ಜಿನ್‌ಎಕ್ಸ್ ಮಾತ್ರ, ಹಗುರ. ಆದರೆ ಇನ್ನೊಂದು ವೆಬ್ ಸರ್ವರಾದ ಅಪಾಚೆಯ ಎಚ್‌ಟಿಆಕ್ಸೆಸ್ ಫೈಲಿನ ಸೂಚನೆಯ ಸಾಲುಗಳನ್ನು ಅದು ಓದುವುದಿಲ್ಲ, ಹಳೆಯ ಸೈಟಿಗೆ ತೊಡಕು. ವರ್ಚುವಲ್‌ಮಿನ್ ಎಂಬ ಇನ್ನೊಂದು ಪ್ಯಾನೆಲ್ ಸಿಪ್ಯಾನೆಲ್ ಬ್ಯಾಕಪ್ಪನ್ನು ನೇರವಾಗಿ ಒಳಗೆ ತೆಗೆದುಕೊಳ್ಳುತ್ತದೆ. ಅದರ ಮೆನುಗಳ ಕಾಡಿನಲ್ಲಿ ಓಡಾಡಲು ತಾಳ್ಮೆ ಬೇಕು.

ಯಾವುದನ್ನೇ ಹಾಕಿ, ಪ್ಯಾನೆಲ್ಲಿನ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡಬೇಡಿ. 2024ರ ಅಕ್ಟೋಬರಿನಲ್ಲಿ ಸೈಬರ್‌ಪ್ಯಾನೆಲ್ಲಿನ ಒಂದು ಲೋಪದಿಂದ ಸಾವಿರಾರು ಸರ್ವರುಗಳಿಗೆ ರ‍್ಯಾನ್ಸಮ್‌ವೇರ್ ನುಗ್ಗಿತು, ಪಾಸ್‌ವರ್ಡೇ ಬೇಕಾಗಲಿಲ್ಲ. ಹೆಸ್ಟಿಯಾದ ಪೋರ್ಟು 8083. ಫೈರ್‌ವಾಲಿನಲ್ಲಿ ನಿಮ್ಮ ಐಪಿಗೆ ಮಾತ್ರ ಬಿಡಿ. ಬ್ಯಾಕಪ್ ಬೇರೆ ಯಂತ್ರದಲ್ಲಿರಲಿ.

ಪ್ಯಾನೆಲ್ ಹಾಕಿದ ಹೊಸ ಸರ್ವರಿಗೆ ಸೈಟುಗಳನ್ನು ಸಾಗಿಸುವ ಎರಡು ದಿನ ಮುಂಚೆ ಡಿಎನ್‌ಎಸ್ ಟಿಟಿಎಲ್ (ಹಳೆಯ ಐಪಿಯನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಮೊದಲು ನಿಮ್ಮದೇ ಸೈಟನ್ನು ಹೊಸ ಸರ್ವರಿಗೆ ಹಾಕಿ, ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಹೊಸ ಐಪಿ ಬರೆದು ಬ್ರೌಸರಿನಲ್ಲಿ ತೆರೆದು ನೋಡಿ. ಅದು ಸರಿಬಂದ ಮೇಲೆ ಗ್ರಾಹಕರ ಸೈಟುಗಳಿಗೆ ಕೈಹಾಕಿ.