ಹೆಣ್ಣು ಸಿಗಲೆಂದು ಎದ್ದ ಮನೆ, ಹೆಣ್ಣುಮಕ್ಕಳ ದುಡ್ಡು

ಗುರುತು ಸಿಗದಂತೆ ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಇವರನ್ನು ಮಹೇಶ ಎನ್ನೋಣ. ವಯಸ್ಸು 33, ತುಮಕೂರಿನಲ್ಲಿ ಖಾಸಗಿ ಕೆಲಸ, ಸಂಬಳ 38 ಸಾವಿರ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮೇಸ್ತ್ರಿಯ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದರು.

ಹೆಣ್ಣಿನ ಕಡೆಯವರೆಲ್ಲ ಮೊದಲು ಕೇಳುತ್ತಿದ್ದುದು "ಸ್ವಂತ ಮನೆ ಇದೆಯಾ?" ಎಂದು. ಬಾಡಿಗೆ ಅಂದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹಿಂದೆಯೇ ಕೊಂಡಿದ್ದ 30×40 ಸೈಟಿನಲ್ಲಿ ಪಾಯ ತೆಗೆಸಿದರು. ಮೇಸ್ತ್ರಿ ಹೇಳಿದ್ದು ಚದರಕ್ಕೆ, ಅಂದರೆ ನೂರು ಚದರಡಿಗೆ, 2 ಲಕ್ಷ. ಬಾಗಿಲ ಮೇಲಿನ ಲಿಂಟಲ್‌ಗೆ ಬರುವಷ್ಟರಲ್ಲಿ ಕಬ್ಬಿಣ, ಎಂ-ಸ್ಯಾಂಡ್, ಕೂಲಿ, ಸಂಪು ಎಂದು ಲೆಕ್ಕ ಕೈಮೀರಿತ್ತು. ಬ್ಯಾಂಕ್ ಸಾಲ 25 ಲಕ್ಷ, ಶೇ 8.5ರ ಬಡ್ಡಿಗೆ, 20 ವರ್ಷಕ್ಕೆ, ತಿಂಗಳ ಕಂತು ಸುಮಾರು 21,700. ಕೊನೆಗೆ ಕಟ್ಟುವುದು 52 ಲಕ್ಷ. ಈ ನಡುವೆ ಸಂಬಂಧವೊಂದು ಕೂಡಿಬಂದಿತ್ತು. ಗೃಹಪ್ರವೇಶ ಆದ ಮೇಲೆ ಮದುವೆ ಎಂದು ಮಾತಾಗಿತ್ತು.

"ಗಂಡಸಾಗಿ ಒಂದು ಸೂರು ಮಾಡೋಕಾಗದಿದ್ರೆ ಹೇಗೆ ಮೇಡಂ?" ಎಂದರು.

ಈ ಮನೆಗೆ ಯಾರು ಯಾರು ಏನು ಕೊಟ್ಟಿದ್ದಾರೆ, ಬರೆಯಿರಿ ಎಂದೆ. ಅಮ್ಮನ ಸರ, ಬಳೆ ಗಿರವಿಗೆ ಹೋಗಿದ್ದವು. ಊರಿನ ಪಿತ್ರಾರ್ಜಿತ ಜಮೀನು ಮಾರುವುದಿತ್ತು, "ಅಕ್ಕ ಬಂದು ಸೈನ್ ಹಾಕ್ತಾಳೆ". ಮದುವೆಯಾದ ಮೇಲೆ ಕಂತಿಗೆ ಹುಡುಗಿಯ ದುಡಿಮೆ, "ಅವರ ಸಂಬಳವೂ ಇರುತ್ತಲ್ಲ". ಮನೆಯ ಖಾತೆ ಮಾತ್ರ ಮಹೇಶರ ಹೆಸರಿನಲ್ಲಿ. ಬರೆದದ್ದನ್ನು ಅವರು ತುಂಬ ಹೊತ್ತು ನೋಡುತ್ತ ಕುಳಿತರು. ಹೆಣ್ಣು ಸಿಗಲೆಂದು ಏಳುತ್ತಿರುವ ಮನೆಗೆ ಮೂವರು ಹೆಣ್ಣುಮಕ್ಕಳ ದುಡ್ಡು ಬೇಕಿತ್ತು, ಅವರಲ್ಲಿ ಇಬ್ಬರನ್ನು ಯಾರೂ ಕೇಳಿರಲಿಲ್ಲ. ಇಂಥ ಕುಟುಂಬಗಳನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ, ನನಗೆ ಇದು ಸಂಕಟದ ವಿಷಯ.

ಮೊದಲ ಸಲಹೆ ಅಕ್ಕನ ಬಗ್ಗೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆಯಾಗಿದ್ದರೂ ಅಷ್ಟೇ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ ಸಹಿ ತೆಗೆದುಕೊಳ್ಳುವ ಮೊದಲು ಅವರ ಮನೆಗೆ ಹೋಗಿ ಕೇಳಿ. ಬೇಕೆಂದರೆ ಅವರ ಪಾಲಿನ ಹಣ ಅವರಿಗೇ ಹೋಗಲಿ ಎಂದೆ.

ಮುಂದಿನ ಭೇಟಿಗೆ ಹುಡುಗಿಯನ್ನೂ ಕರೆಸಿದೆ. ಸಂಬಳ, ಸಾಲ, ಕಂತು, ಗಿರವಿ ಎಲ್ಲವನ್ನೂ ಆಕೆಯ ಮುಂದಿಡಲು ಮಹೇಶರಿಗೆ ಬಹಳ ನಾಚಿಕೆಯಾಯಿತು. ಆಕೆ ಶಾಂತವಾಗಿ ಕೇಳಿಸಿಕೊಂಡು, "ಸ್ವಂತ ಮನೆ ಬೇಕು ಅಂದಿದ್ದು ನಮ್ಮಪ್ಪ. ನಾಳೆ ಏನಾದ್ರೂ ಆದ್ರೆ ನನ್ನನ್ನ ಹೊರಗೆ ಹಾಕಬಾರದು ಅಂತ ಅವರ ಭಯ" ಎಂದರು. ಆ ಭಯ ಸುಳ್ಳಲ್ಲ. ಆದರೆ ಗಂಡನ ಹೆಸರಿನ ಮನೆಯಿಂದಷ್ಟೇ ಅದು ಹೋಗುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ, ಅದು ಬಾಡಿಗೆ ಮನೆಯಾದರೂ. ಇದನ್ನು ಹುಡುಗಿಯ ತಂದೆಗೂ ವಿವರಿಸಿದೆ.

ಕಂತಿಗೆ ಆಕೆಯ ಸಂಬಳ ಬಳಸುವುದಾದರೆ ಮದುವೆಯ ನಂತರ ಮನೆಯಲ್ಲೂ ಆಕೆಗೆ ಪಾಲು ಬರೆದುಕೊಡಿ ಎಂದೆ. ಸಾಲಕ್ಕೆ ಮಾತ್ರ ಜಂಟಿ ಸಹಿ ಹಾಕಿಸಿಕೊಂಡರೆ ಹೊಣೆ ಆಕೆಯದು, ಆಸ್ತಿ ನಿಮ್ಮದು ಎಂದಾಗುತ್ತದೆ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಅಡಮಾನದಲ್ಲಿರುವ ಮನೆಯಾದ್ದರಿಂದ ಬ್ಯಾಂಕಿನ ಒಪ್ಪಿಗೆ ಮೊದಲೇ ಪಡೆಯಬೇಕು. ಮೇಲಿನ ಮಹಡಿ, ಮುಂಭಾಗದ ಎಲಿವೇಷನ್ ಅಲಂಕಾರ, ತೇಗದ ಬಾಗಿಲು ಸದ್ಯಕ್ಕೆ ಬೇಡ. ಅಡುಗೆಮನೆ, ಒಂದು ಕೋಣೆ, ಬಚ್ಚಲು ಮುಗಿದರೆ ವಾಸಕ್ಕೆ ಸಾಕು. ನಿದ್ದೆಗೆಟ್ಟ ತಿಂಗಳುಗಳು ದೇಹವನ್ನು ಹಿಂಡಿದ್ದವು, ವೈದ್ಯರನ್ನು ಕಾಣಲು ಬೇರೆಯಾಗಿ ಚೀಟಿ ಬರೆದುಕೊಟ್ಟೆ.

ಅಕ್ಕ ಪಾಲು ಬೇಕೆಂದೇ ಹೇಳಿದರು. ಜಮೀನು ಮಾರಾಟ ನಿಂತಿದೆ, ಮಹಡಿಯ ಯೋಚನೆ ಬಿಟ್ಟಿದ್ದಾರೆ. ಮದುವೆ ಮಾತು ಮುರಿದಿಲ್ಲ, ಮುಂದಕ್ಕೆ ಹೋಗಿದೆ. ಅಮ್ಮನ ಒಡವೆ ಯಾವಾಗ, ಯಾವ ಹಣದಲ್ಲಿ ಬಿಡಿಸುವುದು ಎಂಬುದು ಮುಂದಿನ ಭೇಟಿಯ ಮೊದಲ ವಿಷಯ.